ಅದು ದೂರಲ್ಲ, ಗೊಣಗಾಟ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಮೇಲಿನ ವಾರ್ಡುಗಳ ನರ್ಸುಗಳಿಂದ ಹಿಡಿದು ಲಿಫ್ಟಿನವನ ತನಕ ಎಲ್ಲರ ಬಾಯಲ್ಲೂ ಅವಳು ಗೊಣಗಕ್ಕ. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರೂ ಅಲ್ಲ, ಎದುರಿಗೇ ಕರೆಯುತ್ತಿದ್ದರು, ಅವಳೂ "ಏನೀಗ?" ಅಂತ ತಿರುಗುತ್ತಿದ್ದಳು. ಇಪ್ಪತ್ತೆರಡು ವರ್ಷ ಒಂದೇ ನೆಲಮಾಳಿಗೆಯಲ್ಲಿ ಹಬೆ ಕುಡಿದವಳಿಗೆ ಹೆಸರಿಗೋಸ್ಕರ ಜಗಳ ಆಡುವಷ್ಟು ಪುರುಸೊತ್ತಿರಲಿಲ್ಲ.

ಮುನ್ನೂರು ಹಾಸಿಗೆಗಳ ಆಸ್ಪತ್ರೆ ಅದು. ದಿನಕ್ಕೆ ಸಾವಿರದ ಹತ್ತಿರ ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಗೌನು ಕೆಳಗಿಳಿದು ಬರುತ್ತಿದ್ದವು. ಮೊದಲ ಕೋಣೆಯಲ್ಲಿ ಕೊಳೆ ಬಟ್ಟೆ ಬೇರ್ಪಡಿಸುವವರು, ಎರಡನೆಯದರಲ್ಲಿ ಒಗೆಯುವ ಮಿಷನ್ನುಗಳು, ಮೂರನೆಯದರಲ್ಲಿ ಇಸ್ತ್ರಿ. ಇಸ್ತ್ರಿ ಅಂದರೆ ಕೈಯಲ್ಲಿ ತಳ್ಳುವ ಪೆಟ್ಟಿಗೆಯಲ್ಲ. ಮಂಚದಷ್ಟು ಅಗಲದ ಎರಡು ಕಾದ ಉರುಳೆಗಳು ಒಂದರ ಮೇಲೊಂದು ಸುತ್ತುತ್ತಿರುತ್ತವೆ. ಇಬ್ಬರು ಹೆಂಗಸರು ಹಸಿ ಚಾದರದ ಒಂದೊಂದು ಮೂಲೆ ಹಿಡಿದು, ಸುಕ್ಕಿಲ್ಲದ ಹಾಗೆ ಜಗ್ಗಿ, ಅದರ ಬಾಯಿಗೆ ಕೊಡಬೇಕು. ಆ ಬಾಯಿಯ ಮುಂದೆ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ. ಕೈ ಜಾರಿ ಒಳಗೆ ಹೋಗುವ ಮೊದಲು ಆ ಪಟ್ಟಿಗೆ ತಗುಲುತ್ತದೆ, ತಗುಲಿದ ಕೂಡಲೇ ಉರುಳೆ ನಿಲ್ಲಬೇಕು. ಅದಕ್ಕೆ ಎಲ್ಲರೂ ಅಡ್ಡಪಟ್ಟಿ ಅನ್ನುತ್ತಿದ್ದರು.

ಬಲಗಡೆ ನಿಲ್ಲುತ್ತಿದ್ದವಳು ಗೊಣಗಕ್ಕ. ಎಡಗಡೆ ನಿಲ್ಲುತ್ತಿದ್ದವಳನ್ನು ಗಿಣಿ ಅಂತ ಕರೆಯುತ್ತಿದ್ದರು. ಇಪ್ಪತ್ತೇಳು ವಯಸ್ಸು, ಗಂಡ ಬಿಟ್ಟು ಹೋಗಿದ್ದ, ಮನೆಯಲ್ಲಿ ಒಬ್ಬಳು ಮಗಳು. ಯಾರ ದನಿ ಬೇಕಾದರೂ ಗಿಣಿಯ ಗಂಟಲಲ್ಲಿ ಕೂತಿರುತ್ತಿತ್ತು. ದೊಡ್ಡ ಡಾಕ್ಟರು ಕೆಮ್ಮುವುದು, ಹೆರಿಗೆ ವಾರ್ಡಿನ ಹೆಡ್ ನರ್ಸು ಫೋನಿನಲ್ಲಿ "ಹಲೋ" ಅನ್ನುವುದು, ಲಿಫ್ಟಿನವನು ಆಕಳಿಸುತ್ತ ಮಹಡಿ ಹೇಳುವುದು, ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು.

ಅಡ್ಡಪಟ್ಟಿಯ ಎಡ ತುದಿಯ ಸ್ಪ್ರಿಂಗು ಸಡಿಲವಾಗಿ ಹದಿನಾಲ್ಕು ತಿಂಗಳಾಗಿತ್ತು. ಬಲಗಡೆ ಬೆರಳು ಸೋಕಿದರೆ ಸಾಕು, ಮಿಷನ್ನು ಟಕ್ ಅಂತ ನಿಲ್ಲುತ್ತಿತ್ತು. ಎಡಗಡೆ ಒಂದು ಸಲ ಒತ್ತಿದರೆ ಇಲ್ಲ, ಎರಡು ಸಲಕ್ಕೂ ಇಲ್ಲ. ಮೂರನೇ ಸಲಕ್ಕೆ ಮನಸ್ಸಾದರೆ ನಿಲ್ಲುತ್ತಿತ್ತು. ಅಂದಿನಿಂದ ಗೊಣಗಕ್ಕನ ಗೊಣಗಾಟಕ್ಕೆ ಒಂದು ಕಾಯಂ ಪಲ್ಲವಿ ಸಿಕ್ಕಿತು.

"ಎಡಗಡೆ ಪಟ್ಟಿ ಸತ್ತೇ ಹೋಗಿದೆ. ಮೂರು ಸಲ ಒತ್ತಿದ್ರೂ ನಿಲ್ಲಲ್ಲ. ಒಂದಿನ ಯಾರದ್ದಾದ್ರೂ ಕೈ ತಿನ್ನುತ್ತೆ ಇದು, ಆವಾಗ ಗೊತ್ತಾಗುತ್ತೆ. ಹೇಳೋರು ಹೇಳಿ ಹೇಳಿ ಸತ್ರು, ಕೇಳೋರ ಕಿವಿಗೆ ಸೀಸ ಹೊಯ್ದಿದೆ."

ಸೂಪರ್‌ವೈಸರ್ ಆ ಹೊತ್ತಿಗೆ ಪ್ಯಾಂಟಿನ ಜೇಬಿಗೆ ಕೈ ಹಾಕಿ ಬೀಗದ ಕೈ ಗೊಂಚಲು ಝಣಝಣ ಆಡಿಸುತ್ತ ಬಂದಿರುತ್ತಿದ್ದ. "ಶುರುವಾಯ್ತಪ್ಪ ಗೊಣಗಕ್ಕನ ರೇಡಿಯೋ! ಸ್ಪ್ರಿಂಗ್ ಬರ್ಬೇಕು, ಬಂದಾಗ ಹಾಕಿಸ್ತೀನಿ. ಕೈ ಆಡ್ಸು, ಬಾಯಿ ಆಡಿಸ್ಬೇಡ."

ಸ್ಪ್ರಿಂಗ್ ಎಲ್ಲಿಂದ ಬರಬೇಕಿತ್ತೋ, ಚಂದ್ರಲೋಕದಿಂದಲೋ ಏನೋ, ಬರಲೇ ಇಲ್ಲ.

ನೇರವಾಗಿ, ತಲೆ ಎತ್ತಿ, ಒಂದು ಅರ್ಜಿ ಬರೆದು ಕೊಡಬಹುದಿತ್ತಲ್ಲ ಅಂತ ಕೇಳುವವರು ಕೇಳಿಯಾರು. ಅವಳು ಹಾಗೂ ಮಾಡಿ ನೋಡಿದವಳೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕೊಳೆ ಬಟ್ಟೆಯ ಚೀಲಗಳಲ್ಲಿ ಇಂಜೆಕ್ಷನ್ ಸೂಜಿ ಬರುತ್ತಿವೆ, ಇಬ್ಬರಿಗೆ ಚುಚ್ಚಿದೆ ಅಂತ ಆಗಿನ ಸೂಪರ್‌ವೈಸರ್ ಮುಂದೆ ನಿಂತು ಹೇಳಿದ್ದಳು. ಕಾಗದದಲ್ಲೂ ಬರೆದು ಕೊಟ್ಟಿದ್ದಳು. ಆತ ಓದಿ, ಮಡಿಚಿ, ಜೇಬಿಗಿಟ್ಟುಕೊಂಡು, "ನಿಂಗೆ ಅಷ್ಟೊಂದು ಕಾಳಜಿ ಇದ್ರೆ ನೀನೇ ಅಲ್ಲಿ ನಿಂತು ನೋಡ್ಕೋ" ಅಂದಿದ್ದ. ಆರು ತಿಂಗಳು ಅವಳನ್ನು ಕೊಳೆ ಕೋಣೆಗೆ ಹಾಕಿದ. ಕೈಗವಸಿಲ್ಲ, ಕಿಟಕಿಯಿಲ್ಲ. ಆಗ ಅವಳ ಮಗಳು ಮೊಲೆ ಕುಡಿಯುವ ಕೂಸು. ಮನೆಗೆ ಹೋಗಿ ಎರಡೆರಡು ಸಲ ಮೈ ತೊಳೆದುಕೊಂಡರೂ ಮಗುವನ್ನು ಮುಟ್ಟಲು ಭಯ. ಆ ಆರು ತಿಂಗಳಲ್ಲಿ ಅವಳು ಕಲಿತದ್ದೇ ಗೊಣಗುವ ವಿದ್ಯೆ. ಮಾತು ಕೇಳಿಸಬೇಕು; ಆದರೆ "ಏನಂದೆ?" ಅಂತ ಯಾರಾದರೂ ತಿರುಗಿಬಿದ್ದರೆ "ಏನಿಲ್ಲ ಸಾರ್" ಅಂತ ಹಿಂದೆ ಸರಿಯಲು ಒಂದು ಹೆಜ್ಜೆ ಜಾಗ ಇರಬೇಕು. ದನಿ ಹಲ್ಲಿನಿಂದ ಈಚೆ ಬರಬೇಕು, ತುಟಿ ದಾಟಿತೋ ಇಲ್ಲವೋ ಅನ್ನುವ ಹಾಗಿರಬೇಕು. ಬಿಟ್ಟು ಹೋಗಲೂ ಆಗದ, ಬಾಯಿ ಮುಚ್ಚಿಕೊಂಡಿರಲೂ ಆಗದವರ ಭಾಷೆ ಅದು.

ಮನೆಯಲ್ಲೂ ಅದೇ ಕಥೆ. ಅವಳ ಗಂಡ ಶಾಲಾ ವ್ಯಾನು ಓಡಿಸುತ್ತಿದ್ದ. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ರಸ್ತೆ ಸರಿಯಿಲ್ಲ, ಸಿಗ್ನಲ್ ಸರಿಯಿಲ್ಲ, ಈಗಿನ ಮಕ್ಕಳು ಸರಿಯಿಲ್ಲ, ಅವರನ್ನು ಹೆತ್ತವರಂತೂ ಮೊದಲೇ ಸರಿಯಿಲ್ಲ ಅಂತ ಅರ್ಧ ಗಂಟೆ ಸುರಿಸುತ್ತಿದ್ದ. ಅದು ಅವನ ಅಭಿಪ್ರಾಯ. ನಲ್ಲಿ ಸೋರುತ್ತಿದೆ, ವಾಷರ್ ಹಾಕಿಸಿ ಅಂತ ಇವಳು ಒಂದು ಮಾತಂದರೆ, "ಶುರುವಾಯ್ತು ನಿನ್ನ ಗೊಣಗಾಟ." ನಲ್ಲಿಯ ಕೆಳಗೆ ಬಕೆಟ್ಟು ತುಂಬಿ, ಅಡುಗೆಮನೆ ನೆಲ ಒದ್ದೆಯಾಗಿ, ಅವನೇ ಜಾರಿ ಸೊಂಟ ಹಿಡಿದುಕೊಂಡ ದಿನವೂ ಅವನು ಹೇಳಿದ್ದು, "ನೆಟ್ಟಗೆ ಹೇಳೋದಲ್ವೇನೆ!"

ಸೋಪಿನ ಪುಡಿ ಬೆರೆಸುತ್ತಿದ್ದ ಮುದುಕ ನಿವೃತ್ತನಾದ ದಿನ ಲಾಂಡ್ರಿಯಲ್ಲಿ ಸಣ್ಣ ಸಮಾರಂಭ ನಡೆಯಿತು. ಬಟ್ಟೆ ಮಡಿಚುವ ಮೇಜಿನ ಮೇಲೆ ಕೇಕು, ಟೀ, ಒಂದು ಗೋಡೆ ಗಡಿಯಾರ. ನಾಲ್ಕು ಮಾತು ಮುಗಿದ ಮೇಲೆ ಸೂಪರ್‌ವೈಸರ್ ಗಿಣಿಯ ಕಡೆ ತಿರುಗಿ, "ಏನಾದ್ರೂ ಮಾಡೇ, ನಗಿಸು" ಅಂದ. ಗಿಣಿ ದೊಡ್ಡ ಡಾಕ್ಟರನ್ನು ಮಾಡಿದಳು, ಹೆಡ್ ನರ್ಸನ್ನು ಮಾಡಿದಳು. "ಗೊಣಗಕ್ಕನ್ನ ಮಾಡು!" ಅಂತ ಯಾರೋ ಕೂಗಿದರು.

ಗಿಣಿ ಒಮ್ಮೆ ಇವಳ ಮುಖ ನೋಡಿದಳು. ಇವಳು ಟೀ ಲೋಟದಿಂದ ಕಣ್ಣೆತ್ತಲಿಲ್ಲ. ಗಿಣಿ ದಿಂಬಿನ ಚೀಲವೊಂದನ್ನು ತಲೆಗೆ ಕಟ್ಟಿ, ಕೆಳತುಟಿ ಮುಂದೆ ಮಾಡಿ, ಇಲ್ಲದ ಚಾದರವನ್ನು ಇಲ್ಲದ ಉರುಳೆಗೆ ಕೊಡುತ್ತ ಶುರುಮಾಡಿದಳು. ಎಡಗಡೆ ಪಟ್ಟಿ ಸತ್ತದ್ದು, ಮೂರು ಸಲ ಒತ್ತಿದ್ದು, ಕೈ ತಿನ್ನುವುದು, ಸೀಸ ಹೊಯ್ದದ್ದು, ಒಂದು ಅಕ್ಷರ ಆಚೀಚೆ ಇಲ್ಲ. ಉಸಿರು ಎಳೆದುಕೊಳ್ಳುವ ಜಾಗವೂ ಅದೇ. ಆಮೇಲೆ ಪಕ್ಕಕ್ಕೆ ಹಾರಿ, ಜೇಬಿಗೆ ಕೈ ಹಾಕಿದಂತೆ ಮಾಡಿ, "ಶುರುವಾಯ್ತಪ್ಪ ಗೊಣಗಕ್ಕನ ರೇಡಿಯೋ! ಸ್ಪ್ರಿಂಗ್ ಬರ್ಬೇಕು, ಬಂದಾಗ ಹಾಕಿಸ್ತೀನಿ. ಕೈ ಆಡ್ಸು, ಬಾಯಿ ಆಡಿಸ್ಬೇಡ." ಸೂಪರ್‌ವೈಸರ್ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಇನ್ನೊಂದ್ಸಲ, ಆ ಸೀಸದ್ದು ಹೇಳು, ಸೀಸದ್ದು!"

ಗೊಣಗಕ್ಕನೂ ನಕ್ಕಳು. ನಗದಿದ್ದರೆ ಅದಕ್ಕೂ ಒಂದು ಹೆಸರಿಟ್ಟಾರು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಮಾತ್ರ ಕೆನ್ನೆ ಧಗಧಗ ಉರಿಯುತ್ತಿತ್ತು. ಗಂಡನಿಗೆ ಹೇಳಿದಳು. ಅವನು ಪತ್ರಿಕೆಯಿಂದ ತಲೆ ಎತ್ತದೆ, "ನಕ್ರೆ ನಗ್ಲಿ ಬಿಡು. ನೀನು ಗೊಣಗೋದು ಸುಳ್ಳಾ?" ಅಂದ.

ಅವತ್ತೇ ಅವಳು ತೀರ್ಮಾನಿಸಿದಳು: ಇನ್ನು ಬಾಯಿಗೆ ಬೀಗ.

ಒಂಬತ್ತು ದಿನ ಅವಳು ಇಸ್ತ್ರಿ ಮಿಷನ್ನಿನ ಬಲಗಡೆ ಕಲ್ಲಿನ ಹಾಗೆ ನಿಂತಳು. ಸೂಪರ್‌ವೈಸರ್ ಎರಡು ಸಲ, "ಏನು, ರೇಡಿಯೋ ಕೆಟ್ಟಿದೆಯಾ?" ಅಂತ ಕೇಳಿದ. ಅವಳು ತುಟಿ ಬಿಚ್ಚಲಿಲ್ಲ. ಗಿಣಿಗೆ ಮೊದಲೆರಡು ದಿನ ತಮಾಷೆ, ಮೂರನೇ ದಿನ ಇರುಸುಮುರುಸು. "ಅಕ್ಕಾ, ಏನಾದ್ರೂ ಮಾತಾಡಿ. ನಿದ್ದೆ ಬರುತ್ತೆ ನಂಗೆ."

"ನಿಂಗೆ ಬೇಕಾದ್ದು ನೀನೇ ಆಡ್ಕೋ. ನನ್ನ ಮಾತೆಲ್ಲ ನಿಂಗೆ ಬಾಯಿಪಾಠ ಇದೆಯಲ್ಲ."

ಗಿಣಿ ಮುಖ ಸಣ್ಣಗೆ ಮಾಡಿಕೊಂಡಳು. ಇವಳಿಗೆ ಒಳಗೊಳಗೇ ಹಿತವಾಯಿತು.

ಹತ್ತನೇ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಕ್ಕಳ ವಾರ್ಡಿನ ಚಾದರವೊಂದು ಗಂಟು ಬಿದ್ದುಕೊಂಡು ಬಂತು. ಎಡ ಮೂಲೆ ಮಡಚಿಕೊಂಡೇ ಉರುಳೆಯ ಬಾಯಿಗೆ ಹೋಗುತ್ತಿತ್ತು. ಗಿಣಿ ಅದನ್ನು ಬಿಡಿಸಲು ಕೈ ಮುಂದೆ ಚಾಚಿದಳು. ಹಿಂದೆಲ್ಲ ಆ ಕೈ ಪಟ್ಟಿಯ ಹತ್ತಿರ ಬಂದಾಗಲೆಲ್ಲ ಇವಳ ಗೊಣಗಾಟ ಒಂದು ಮೆಟ್ಟಿಲು ಏರುತ್ತಿತ್ತು, ಗಿಣಿ ಬೇಸರದಿಂದ "ಆಯ್ತಕ್ಕ, ತೆಗ್ದೆ, ತೆಗ್ದೆ" ಅಂತ ಕೈ ಎಳೆದುಕೊಳ್ಳುತ್ತಿದ್ದಳು. ಅವತ್ತು ಇವಳು ಆ ಕೈಯನ್ನು ನೋಡಿದಳು. ಮಾತು ಹಲ್ಲಿನ ತನಕ ಬಂತು. ಅಲ್ಲೇ ತಡೆದಳು.

ಅರ್ಧ ಉಸಿರಿನಷ್ಟು ಹೊತ್ತು, ಅಷ್ಟೇ. ಗಿಣಿಯ ಕೈ ಪಟ್ಟಿಗೆ ತಗುಲಿತು. ಮಿಷನ್ನು ನಿಲ್ಲಲಿಲ್ಲ.

ಗೊಣಗಕ್ಕ ಬಲಗಡೆಯ ಕೆಂಪು ಗುಂಡಿಗೆ ಇಡೀ ಮೈಭಾರ ಬಿಟ್ಟು ಹೊಡೆದಳು. ಉರುಳೆ ನಿಂತಿತು. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಗಿಣಿಯ ಕೂಗು ಯಾರ ದನಿಯ ಹಾಗೂ ಇರಲಿಲ್ಲ. ಆಸ್ಪತ್ರೆಯೊಳಗೇ ಇದ್ದದ್ದರಿಂದ ನಾಲ್ಕು ನಿಮಿಷದಲ್ಲಿ ಅವಳು ಡಾಕ್ಟರ ಮುಂದಿದ್ದಳು. ಆದರೂ ಎಡಗೈಯ ಕಿರುಬೆರಳು, ಉಂಗುರ ಬೆರಳು ಎರಡನ್ನೂ ಉಳಿಸಲಾಗಲಿಲ್ಲ. ಉಳಿದ ಬೆರಳುಗಳೂ ಮೊದಲಿನ ಹಾಗೆ ಬಾಗುವುದಿಲ್ಲ ಅಂದರು.

ಮರುದಿನ ಗೊಣಗಕ್ಕ ಕೆಲಸಕ್ಕೆ ಬಂದು ಎಡಗಡೆ ಹೋಗಿ ನಿಂತಳು. ಅಡ್ಡಪಟ್ಟಿಯ ತುದಿಯಲ್ಲಿ ಹೊಸ ಸ್ಪ್ರಿಂಗು ಬೆಳ್ಳಗೆ ಹೊಳೆಯುತ್ತಿತ್ತು. ಎರಡು ಹೊಸ ತಿರುಪು. ಬೆರಳ ತುದಿ ಸೋಕಿಸಿದಳು. ಟಕ್, ನಿಂತಿತು.

"ಯಾವಾಗ ಹಾಕಿದ್ರು?" ಅಂತ ಪಾಳಿ ಬದಲಾಗುವಾಗ ಸಂಜೆ ಪಾಳಿಯ ಹೆಂಗಸನ್ನು ಕೇಳಿದಳು.

"ನಿನ್ನೆ ಸಾಯಂಕಾಲವೇ. ಮೆಕ್ಯಾನಿಕ್ ಬಂದು ಹಾಕ್ಕೊಟ್ಟು ಹೋದ. ಮುಕ್ಕಾಲು ಗಂಟೆನೂ ಆಗ್ಲಿಲ್ಲ."

ಮುಕ್ಕಾಲು ಗಂಟೆ. ಅವಳು ಆ ಮಾತನ್ನು ಹಲ್ಲಿನ ನಡುವೆ ಇಟ್ಟುಕೊಂಡು ಅರೆದಳು. ಹದಿನಾಲ್ಕು ತಿಂಗಳಲ್ಲಿ ಎಷ್ಟು ಮುಕ್ಕಾಲು ಗಂಟೆಗಳಿದ್ದವು? ಸೂಪರ್‌ವೈಸರ್ ಕುರ್ಚಿಯಲ್ಲಿ ಕಾಲು ಚಾಚಿ ಟೀ ಕುಡಿದ ಮುಕ್ಕಾಲು ಗಂಟೆಗಳನ್ನೇ ಒಟ್ಟು ಹಾಕಿದ್ದರೆ ಹೊಸ ಮಿಷನ್ನೇ ಕಟ್ಟಬಹುದಿತ್ತು. ಅವಳ ಸಿಟ್ಟು ಆವತ್ತು ಹೊಟ್ಟೆಯಿಂದ ಏಳಲಿಲ್ಲ, ಅಂಗಾಲಿನಿಂದ ಎದ್ದಿತು. ಯಾರ ಮೇಲೆ ಅಂತ ಕೇಳಿದ್ದರೆ ಮೊದಲ ಹೆಸರು ತನ್ನದೇ ಇತ್ತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಆ ವಾರ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಿದರು. "ಮೇಲ್ನೋಟಕ್ಕೆ ಕೆಲಸಗಾರ್ತಿಯ ಅಜಾಗರೂಕತೆಯೇ ಅಪಘಾತಕ್ಕೆ ಕಾರಣವೆಂದು ಕಂಡುಬಂದಿದೆ. ಯಂತ್ರ ಸುಸ್ಥಿತಿಯಲ್ಲಿದೆ. ಈ ಕುರಿತು ಹಿಂದೆ ಯಾವುದೇ ದೂರು ಬಂದಿರುವುದಿಲ್ಲ. ಮುಂದಿನ ವಿಚಾರಣೆ ಸೋಮವಾರ." ಕೆಳಗೆ ಸಾಕ್ಷಿಗಳ ಪಟ್ಟಿಯಲ್ಲಿ ಅವಳ ಹೆಸರು, ಹಾಜರಿ ಪುಸ್ತಕದ ಹೆಸರು. ಅಜಾಗರೂಕತೆ ಅಂತ ತೀರ್ಮಾನವಾದರೆ ಗಿಣಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ಅದು ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಜೆ ಪಾಳಿಯವರನ್ನು ಕೇಳಿದರೆ, "ನಮ್ಗೇನೂ ಗೊತ್ತಿಲ್ಲ ತಾಯಿ, ನಾವು ಮಕ್ಕಳೊಂದಿಗರು" ಅಂದರು. ಮೆಕ್ಯಾನಿಕ್ ಚೀಟಿಯಲ್ಲಿ "ಮಾಮೂಲಿ ನಿರ್ವಹಣೆ" ಅಂತ ಬರೆದು ಕೈ ತೊಳೆದುಕೊಂಡಿದ್ದ.

ಭಾನುವಾರ ಅವಳು ಮಗಳನ್ನು ಕರೆದು ಕೂರಿಸಿಕೊಂಡಳು. ಮಗಳು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಮನೆಯಲ್ಲಿ ಒಂದು ದಪ್ಪ ನಿಘಂಟು ಇಟ್ಟಿದ್ದಳು.

"ಗೊಣಗು ಅಂದ್ರೆ ಏನು ಅಂತ ನೋಡು."

"ಯಾಕಮ್ಮಾ, ನಿಂಗೊತ್ತಿಲ್ವಾ?" ಮಗಳು ನಗಲು ಹೊರಟವಳು ತಾಯಿಯ ಮುಖ ನೋಡಿ ಸುಮ್ಮನೆ ಪುಟ ತಿರುವಿದಳು. "ಒಳಗೊಳಗೇ ಮಾತಾಡು. ಅಸ್ಪಷ್ಟವಾಗಿ ಅಸಮಾಧಾನ ತೋರಿಸು. ಗುಣುಗುಟ್ಟು."

"ಅಸ್ಪಷ್ಟವಾಗಿ?"

"ಹೂಂ, ಹಾಗೇ ಇದೆ."

"ಎಡಗಡೆ ಪಟ್ಟಿ ಸತ್ತಿದೆ, ಮೂರು ಸಲ ಒತ್ತಿದ್ರೂ ನಿಲ್ಲಲ್ಲ, ಕೈ ತಿನ್ನುತ್ತೆ. ಇದ್ರಲ್ಲಿ ಯಾವ್ದೇ ಅಸ್ಪಷ್ಟ? ಯಾವ ಅಕ್ಷರ ನುಂಗಿದೀನಿ ಹೇಳು! ದೂರು ಅಂದ್ರೆ ಏನು ಬರ್ದಿದೆ, ಅದನ್ನೂ ನೋಡು."

"ಆಪಾದನೆ. ತಪ್ಪನ್ನು ಎತ್ತಿ ತೋರಿಸಿ ಹೇಳುವುದು."

"ನಾನು ಮಾಡಿದ್ದು ಅದೇ ತಾನೆ? ಮತ್ಯಾಕೆ ಅದು ಗೊಣಗಾಟ?"

ಒಳಕೋಣೆಯಿಂದ ಗಂಡ, "ಏನದು ಬೆಳಬೆಳಗ್ಗೆ ಗೊಣಗಾಟ?" ಅಂತ ಕೂಗಿದ. ಮಗಳು ನಿಘಂಟು ಮುಚ್ಚಿ, "ಅಪ್ಪಾ, ಒಂದೈದು ನಿಮಿಷ ಬಾಯಿ ಮುಚ್ಚಿ" ಅಂದಳು. ಆ ಮನೆಯಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಅವನು ನಿಜಕ್ಕೂ ಮುಚ್ಚಿದ.

ವಿಚಾರಣೆ ನಡೆದದ್ದು ಮೂರನೇ ಮಹಡಿಯಲ್ಲಿ, ತಣ್ಣನೆಯ ಕೋಣೆಯಲ್ಲಿ. ಮೇಜಿನ ಆ ಕಡೆ ಆಡಳಿತಾಧಿಕಾರಿ, ಐವತ್ತರ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಪಕ್ಕದಲ್ಲಿ ಎಲ್ಲವನ್ನೂ ಟೈಪ್ ಮಾಡುವ ಗುಮಾಸ್ತ. ಈ ಕಡೆ ಸೂಪರ್‌ವೈಸರ್, ಒಂದು ಕುರ್ಚಿ ಬಿಟ್ಟು ಗಿಣಿ, ಅವಳ ಪಕ್ಕ ಗೊಣಗಕ್ಕ. ಗಿಣಿಯ ಎಡಗೈಗೆ ದಪ್ಪ ಬ್ಯಾಂಡೇಜು. ಅವಳು ಒಂದು ವಾರದಲ್ಲಿ ಅರ್ಧಕ್ಕೆ ಇಳಿದಿದ್ದಳು.

"ಪಟ್ಟಿ ಸರಿಯಿರಲಿಲ್ಲ ಅಂತ ಇವರು ಹೇಳ್ತಿದ್ದಾರೆ," ಅಂದರು ಅಧಿಕಾರಿ, ಗಿಣಿಯ ಕಡೆ ತೋರಿಸಿ.

"ಮೇಡಂ, ಈಗಲೇ ಹೋಗಿ ನೋಡಿ, ಚೆನ್ನಾಗಿದೆ. ಬರವಣಿಗೆಯಲ್ಲಿ ಒಂದೇ ಒಂದು ದೂರು ಬಂದಿಲ್ಲ. ಬಾಯಿಮಾತಲ್ಲೂ ಇಲ್ಲ," ಅಂದ ಸೂಪರ್‌ವೈಸರ್.

"ಪಕ್ಕದಲ್ಲೇ ನಿಲ್ತಿದ್ದ ಇವರೂ ಹೇಳಿರಲಿಲ್ವಾ?"

ಅವನು ಸಣ್ಣಗೆ ನಕ್ಕ. "ಇವರಾ? ಇವರು ಗೊಣಗ್ತಾ ಇರ್ತಾರೆ ಮೇಡಂ. ಸೋಪಿಗೂ ಗೊಣಗ್ತಾರೆ, ನೀರಿಗೂ ಗೊಣಗ್ತಾರೆ, ಫ್ಯಾನಿಗೂ ಗೊಣಗ್ತಾರೆ. ಇಡೀ ಆಸ್ಪತ್ರೆಗೇ ಗೊತ್ತು. ಅದು ದೂರಲ್ಲ, ಗೊಣಗಾಟ."

ಗುಮಾಸ್ತನ ತುಟಿಯ ಮೇಲೂ ನಗೆ ಸುಳಿಯಿತು. ಗೊಣಗಕ್ಕ ಎದ್ದು ನಿಂತಳು. ನಿಲ್ಲಬೇಕು ಅಂತ ಯೋಚಿಸಿ ನಿಂತದ್ದಲ್ಲ, ಕಾಲೇ ಎಬ್ಬಿಸಿತು.

"ಏನಂತ ಗೊಣಗ್ತಿದ್ದೆ?"

"ಅದೆಲ್ಲ ಯಾರು ನೆನಪಿಟ್ಕೋತಾರಮ್ಮ?"

"ನೀವೇ ನೆನಪಿಟ್ಕೊಂಡಿದ್ರಿ. ಇನ್ನೊಂದ್ಸಲ ಹೇಳು ಅಂತ ಕಣ್ಣೊರೆಸಿಕೊಂಡು ನಕ್ಕಿದ್ರಿ. ನಲವತ್ತು ಜನ ಕೇಳಿದಾರೆ, ಕೇಕ್ ತಿನ್ನುತ್ತಾ." ಅವಳು ಗಿಣಿಯ ಕಡೆ ತಿರುಗಿದಳು. "ಮಾಡು. ಆವತ್ತು ಮಾಡಿದ್ಯಲ್ಲ, ಹಾಗೇ ಮಾಡು. ನನ್ನ ಮುಖ ನೋಡ್ಬೇಡ, ಮಾಡು."

ಸೂಪರ್‌ವೈಸರ್, "ಮೇಡಂ, ಇದೇನು ನಾಟಕಶಾಲೆನಾ?" ಅಂದ. ಅಧಿಕಾರಿ ಕೈಯೆತ್ತಿ ಅವನನ್ನು ತಡೆದರು. "ಏನು ಮಾಡ್ಬೇಕು ಅಂತಿದ್ದಾರೋ, ಮಾಡಿ ತೋರ್ಸಮ್ಮ."

ಗಿಣಿ ಮೊದಲು ಬರೀ ತುಟಿ ಅಲ್ಲಾಡಿಸಿದಳು. ಆಮೇಲೆ ದನಿ ಬಂತು. ಕೂತಲ್ಲೇ, ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು, ಕೆಳತುಟಿ ಮುಂದೆ ಮಾಡಿ: "ಎಡಗಡೆ ಪಟ್ಟಿ ಸತ್ತೇ ಹೋಗಿದೆ. ಮೂರು ಸಲ ಒತ್ತಿದ್ರೂ ನಿಲ್ಲಲ್ಲ. ಒಂದಿನ ಯಾರದ್ದಾದ್ರೂ ಕೈ..." ಅಲ್ಲಿ ಒಮ್ಮೆ ಬ್ಯಾಂಡೇಜಿನ ಕಡೆ ನೋಡಿದಳು. ಮತ್ತೆ ಮುಂದುವರಿಸಿದಳು, ಸೀಸದ ತನಕ. ಆಮೇಲೆ ದನಿ ಬದಲಾಯಿತು. ಬಲಗೈ ಇಲ್ಲದ ಜೇಬಿನೊಳಗೆ ಇಲ್ಲದ ಗೊಂಚಲನ್ನು ಆಡಿಸಿತು. "ಶುರುವಾಯ್ತಪ್ಪ ಗೊಣಗಕ್ಕನ ರೇಡಿಯೋ! ಸ್ಪ್ರಿಂಗ್ ಬರ್ಬೇಕು, ಬಂದಾಗ ಹಾಕಿಸ್ತೀನಿ. ಕೈ ಆಡ್ಸು, ಬಾಯಿ ಆಡಿಸ್ಬೇಡ."

ಯಾರೂ ನಗಲಿಲ್ಲ. ಆ ದನಿ ಎಷ್ಟು ತದ್ವತ್ತಾಗಿತ್ತೆಂದರೆ ಗುಮಾಸ್ತ ಒಮ್ಮೆ ಸೂಪರ್‌ವೈಸರನ ಬಾಯಿಯನ್ನೇ ನೋಡಿದ.

"ಸ್ಪ್ರಿಂಗ್ ಬರ್ಬೇಕು ಅಂತ ನೀವು ಹೇಳ್ತಿದ್ರಾ?" ಅಂತ ಅಧಿಕಾರಿ ಕೇಳಿದರು.

"ಅದು... ತಮಾಷೆಗೆ ಮೇಡಂ. ಈ ಹುಡುಗಿ ಏನೇನೋ ಸೇರಿಸಿ..."

"ಸೇರಿಸಿದ್ರೆ ನಲವತ್ತು ಜನ ಯಾಕೆ ನಗ್ತಿದ್ರು?" ಗೊಣಗಕ್ಕನ ದನಿ ಕೋಣೆಯ ಗಾಜಿಗೆ ಬಡಿಯಿತು. ತನ್ನ ದನಿ ಅಷ್ಟು ದೊಡ್ಡದು ಅಂತ ಅವಳಿಗೇ ಗೊತ್ತಿರಲಿಲ್ಲ. "ಇದ್ದದ್ದು ಇದ್ದ ಹಾಗೆ ಮಾಡಿದ್ಲು ಅಂತಾನೇ ತಾನೆ ನಕ್ಕಿದ್ದು? ಕರೆಸಿ ಒಬ್ಬೊಬ್ಬರನ್ನ. ಲಿಫ್ಟಿನವನಿಗೂ ಬರುತ್ತೆ ಈ ಹಾಡು!"

ಗುಮಾಸ್ತ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು, "ಇದನ್ನ ಏನಂತ ಹಾಕ್ಲಿ ಮೇಡಂ?" ಅಂದ.

"ಸಹೋದ್ಯೋಗಿಯು ಮೌಖಿಕವಾಗಿ ಗಮನಕ್ಕೆ ತಂದಿದ್ದರು ಅಂತ ಹಾಕಿ."

"ಬೇಡ," ಅಂದಳು ಗೊಣಗಕ್ಕ. "ಗೊಣಗಿದಳು ಅಂತಲೇ ಹಾಕಿ. ಹದಿನಾಲ್ಕು ತಿಂಗಳು, ದಿನಾ, ಗೊಣಗಿದಳು. ಏನು ಗೊಣಗಿದಳು ಅನ್ನೋದನ್ನ ಪಕ್ಕದಲ್ಲಿ ಪೂರ್ತಿ ಬರೀರಿ. ಮೌಖಿಕವಾಗಿ ತಂದ್ರು ಅಂತ ನೀವು ಬರೆದ್ರೆ ನಾಳೆ ಇವರು, ಹಾಗೇನೂ ತರ್ಲಿಲ್ಲ, ಗೊಣಗ್ತಿದ್ರು ಅಷ್ಟೆ ಅಂತಾರೆ. ಆ ಬಾಗ್ಲೂ ಮುಚ್ಚಿ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗುಮಾಸ್ತನಿಗೆ, "ಅವರು ಹೇಳಿದ ಹಾಗೇ ಹಾಕಿ" ಅಂದರು.

ಆ ವಾರ ಅಧಿಕಾರಿ ಲಾಂಡ್ರಿಯವರನ್ನು ಒಬ್ಬೊಬ್ಬರಾಗಿ ಕರೆಸಿದರು. ಗೊತ್ತಿಲ್ಲ ಅಂದಿದ್ದವರೂ ಗಿಣಿ ಮಾಡಿ ತೋರಿಸಿದ್ದನ್ನು ಅಲ್ಲಗಳೆಯಲಾರದೆ ತಲೆ ಆಡಿಸಿದರು; ಮೆಕ್ಯಾನಿಕ್ ಹಳೆಯ ಸ್ಪ್ರಿಂಗು ಸಡಿಲಾಗಿತ್ತು ಅಂತ ಬಾಯಿಬಿಟ್ಟ. ಅಜಾಗರೂಕತೆ ಅನ್ನುವ ಮಾತು ಕಡತದಿಂದ ಹೋಯಿತು. ಗಿಣಿಗೆ ಪರಿಹಾರ ಸಿಕ್ಕಿತು, ಕೆಲಸವೂ ಉಳಿಯಿತು. ಮಡಿಚಿದ ಬಟ್ಟೆಯನ್ನು ವಾರ್ಡುಗಳಿಗೆ ಎಣಿಸಿ ಕೊಡುವ ಕಿಟಕಿಯಲ್ಲಿ ಕೂರಿಸಿದರು. ಸೂಪರ್‌ವೈಸರನಿಗೆ ಒಂದು ಎಚ್ಚರಿಕೆ ಪತ್ರ, ಔಷಧಿ ಉಗ್ರಾಣಕ್ಕೆ ವರ್ಗ. ಅಷ್ಟೇ. ಅಲ್ಲಿ ಫ್ಯಾನೂ ಇತ್ತು, ಕಿಟಕಿಯೂ ಇತ್ತು. "ಪಾಪ, ಎರಡು ಮಕ್ಕಳ ತಂದೆ, ಅವನ ಹೊಟ್ಟೆ ಮೇಲೆ ಹೊಡೆಯೋಕೆ ಹೋದ್ಲು" ಅಂತ ಅವಳ ಬೆನ್ನ ಹಿಂದೆ ಮಾತಾಡಿದವರು ಲಾಂಡ್ರಿಯಲ್ಲೇ ಇದ್ದರು. ಅದನ್ನು ಕೇಳಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎರಡು ಬೆರಳು ಹೋದವಳು ಯಾರ "ಪಾಪ"ದ ಲೆಕ್ಕದಲ್ಲೂ ಇರಲಿಲ್ಲ.

ಇಷ್ಟೆಲ್ಲ ಆದಮೇಲೆ ಒಂದು ಮಧ್ಯಾಹ್ನ ಗಿಣಿ ಬಟ್ಟೆ ಕಿಟಕಿಯ ಹಿಂದೆ ಒಬ್ಬಳೇ ಇದ್ದಾಗ ಗೊಣಗಕ್ಕ ಹೋಗಿ ಅವಳ ಎದುರು ನಿಂತಳು. ತಿಂಗಳಿಂದ ಎದೆಯಲ್ಲಿ ಕೂತಿದ್ದನ್ನು ಹೇಳದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

"ಆವತ್ತು ನಿನ್ನ ಕೈ ಹೋಗೋದು ನಾನು ನೋಡ್ದೆ. ಹೇಳ್ಲಿಲ್ಲ."

ಗಿಣಿ ದಿಂಬಿನ ಚೀಲ ಎಣಿಸುವುದನ್ನು ನಿಲ್ಲಿಸಿದಳು. "ಗೊತ್ತು."

"ನಿನ್ನ ಮೇಲೆ ಸಿಟ್ಟಿತ್ತು."

"ಅದೂ ಗೊತ್ತು." ಗಿಣಿಯ ಕಣ್ಣು ಕೆಂಪಾಯಿತು. "ಆಸ್ಪತ್ರೆ ಮಂಚದ ಮೇಲೆ ಮಲಗಿ ಅದನ್ನೇ ಯೋಚ್ನೆ ಮಾಡ್ದೆ ನಾನು. ನಗಿಸಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆನಾ ಅಂತ. ಅಣಕಿಸಿದ್ದು ತಪ್ಪು, ಒಪ್ಕೋತೀನಿ. ಆದ್ರೆ ನೀವು ಬಾಯಿ ತೆಗೀಬೇಕಿತ್ತು. ಅಯ್ಯೋ ಅಂತಾದ್ರೂ ಅನ್ಬೇಕಿತ್ತು! ಈಗ ಹೋಗಿ. ನಂಗೆ ನಿಮ್ಮ ಮುಖ ನೋಡೋಕಾಗ್ತಿಲ್ಲ."

ಗೊಣಗಕ್ಕ ಹೋದಳು. ಕ್ಷಮಿಸು ಅನ್ನುವ ಮಾತು ಬಾಯಲ್ಲಿತ್ತು, ಆದರೆ ಅದನ್ನು ಆಡಿ ತಾನು ಹಗುರಾಗುವುದು ಇನ್ನೊಂದು ಅನ್ಯಾಯ ಅನ್ನಿಸಿತು. ಎರಡೂವರೆ ತಿಂಗಳು ಗಿಣಿ ಅವಳ ಜೊತೆ ಮಾತಾಡಲಿಲ್ಲ. ಬಟ್ಟೆ ಗಾಡಿ ತಳ್ಳಿಕೊಂಡು ಕಿಟಕಿಗೆ ಬಂದರೆ ಚೀಟಿ ತೆಗೆದುಕೊಂಡು ಮುಖ ತಿರುಗಿಸುತ್ತಿದ್ದಳು.

ಆ ದಿನಗಳಲ್ಲೇ ಗೊಣಗಕ್ಕ ಗೊಣಗುವುದನ್ನು ಬಿಟ್ಟಳು. ಸುಮ್ಮನಾದಳು ಅಂತ ತಿಳಿಯಬೇಡಿ. ಹೊಸ ಸೂಪರ್‌ವೈಸರ್ ಬಂದ ಮೊದಲ ವಾರವೇ, ಒಗೆಯುವ ಕೋಣೆಯಲ್ಲಿ ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತಿದೆ ಅಂತ ಅವಳು ಹೇಳಿದ್ದು ಹೆರಿಗೆ ವಾರ್ಡಿಗೆ ಕೇಳಿಸಿತು ಅಂತ ಲಿಫ್ಟಿನವನು ಹೇಳುತ್ತಿದ್ದ. ಹೊಸಬ ಗಾಬರಿಯಾಗಿ ಅವತ್ತೇ ಸರಿಮಾಡಿಸಿದ. ಕೆಲವರು "ಮೊದ್ಲೇ ವಾಸಿಯಿತ್ತಪ್ಪ, ಕಿವಿ ತಡ್ಕೋತಿತ್ತು" ಅಂದರು. ಮನೆಯಲ್ಲಿ ನಲ್ಲಿಗೆ ಗಂಡನೇ ವಾಷರ್ ತಂದು ಹಾಕಿದ. ಯಾಕೆಂದರೆ ಅವಳು ಅಡುಗೆಮನೆಯಲ್ಲಿ ನಿಂತು ಹೇಳಿದ್ದನ್ನು ಎದುರುಮನೆಯವರು ಕಿಟಕಿ ತೆಗೆದು ಕೇಳಿದ್ದರು. "ನಿಧಾನಕ್ಕೆ ಹೇಳ್ಬಾರ್ದಾ?" ಅಂತ ಅವನು ಪಿಸುಗುಟ್ಟಿದ. "ಇಪ್ಪತ್ತಾರು ವರ್ಷ ನಿಧಾನಕ್ಕೇ ಹೇಳಿದ್ದು," ಅಂದಳು ಅವಳು, ಅಷ್ಟೇ ಜೋರಾಗಿ.

ಗಿಣಿ ಬಂದದ್ದು ಒಂದು ದಿನ ಊಟದ ಹೊತ್ತಿನಲ್ಲಿ. ಗೊಣಗಕ್ಕ ಬಟ್ಟೆ ಮಡಿಚುವ ಮೇಜಿನ ತುದಿಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಗಿಣಿ ಎದುರಿಗೆ ನಿಂತು ತನ್ನ ಊಟದ ಡಬ್ಬಿಯನ್ನು ಮೇಜಿನ ಮೇಲೆ ಠಕ್ ಅಂತ ಇಟ್ಟಳು. ಮುಚ್ಚಳ ಬಿಗಿಯಾಗಿ ಕೂತಿತ್ತು. ಮೂರು ಬೆರಳಿನ ಎಡಗೈಯಲ್ಲಿ ಹಿಡಿತ ಸಿಗುತ್ತಿರಲಿಲ್ಲ. ಅಲ್ಲಿ ಬೇರೆ ಹತ್ತು ಜನ ಇದ್ದರು, ಅವರಲ್ಲಿ ಯಾರನ್ನಾದರೂ ಕೇಳಬಹುದಿತ್ತು.

"ಇದನ್ನ ತೆಗೀರಿ," ಅಂದಳು. ಅಕ್ಕ ಅನ್ನಲಿಲ್ಲ.

ಗೊಣಗಕ್ಕ ಕೈ ಒರೆಸಿಕೊಂಡು ಡಬ್ಬಿ ಎತ್ತಿಕೊಂಡಳು. ಒಂದು ಸಲಕ್ಕೆ ಬರಲಿಲ್ಲ. ಹಲ್ಲು ಕಚ್ಚಿ ತಿರುಗಿಸಿ ತೆಗೆದು ಮುಂದಿಟ್ಟಳು. ಗಿಣಿ ಕುರ್ಚಿ ಎಳೆದುಕೊಂಡು, ಅವಳ ಕಡೆ ನೋಡದೆ, ಅಲ್ಲೇ ಕೂತು ಉಣ್ಣತೊಡಗಿದಳು.